ನಡೆ ಕಲಿಯುವ ಮಗುವಿನ ಸಾಮಾನುಗಳು

ಮಗು ಅಂಬೆಗಾಲು ಬಿಟ್ಟು ಗೋಡೆ ಹಿಡಿದು ನಿಲ್ಲತೊಡಗಿದ ಕೂಡಲೇ ಮನೆಯ ಸಾಮಾನುಗಳು ಬದಲಾಗುತ್ತವೆ. ತೊಟ್ಟಿಲು ಅಟ್ಟ ಸೇರುತ್ತದೆ. ಗಿಲಕಿ, ಕಾಲ್ಗೆಜ್ಜೆ, ದಾರ ಕಟ್ಟಿ ಎಳೆಯುವ ಬಂಡಿ, ನಡೆ ಕಲಿಸುವ ಬಂಡಿ ಒಂದೊಂದಾಗಿ ಬರುತ್ತವೆ. ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಇಂಥ ವಸ್ತುಗಳಿಗೆ ಜಾಗ ಕಡಿಮೆ. ಆದರೆ ಒಂದು ಕಾಲದ ಜನ ಮಗುವಿಗೆ ಯಾವುದರಿಂದ ಅಪಾಯವೆಂದು ತಿಳಿದಿದ್ದರು, ತಂದೆತಾಯಿಯ ಕೈ ಯಾವ ಕೆಲಸದಲ್ಲಿ ಸಿಕ್ಕಿಕೊಂಡಿತ್ತು ಎಂಬುದನ್ನು ಈ ಸಾಮಾನುಗಳು ಸಾಕಷ್ಟು ಸ್ಪಷ್ಟವಾಗಿಯೇ ಹೇಳುತ್ತವೆ.

ಸಿಂಧೂ ಕಣಿವೆಯ ಮೊಹೆಂಜೊದಾರೊ ಮತ್ತು ಹರಪ್ಪಾ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಗಾಡಿಗಳು, ಹಕ್ಕಿಯಾಕಾರದ ಪೀಪಿಗಳು, ಒಳಗೆ ಹರಳು ತುಂಬಿದ ಗಿಲಕಿಗಳು ಸಿಕ್ಕಿವೆ. ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಹೆಸರು ಬಂದದ್ದೇ ಇಂಥದೊಂದು ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿ ನೋಡಿದ ಚಾರುದತ್ತನ ಮಗ ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನೇ ಅದರಲ್ಲಿ ತುಂಬಿಕೊಡುತ್ತಾಳೆ. ಮುಂದೆ ಆ ಒಡವೆಗಳೇ ಚಾರುದತ್ತನ ವಿರುದ್ಧ ಸಾಕ್ಷಿಯಾಗುತ್ತವೆ. ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ಚಿತ್ರ ಮಾಡಿದ್ದು ಈ ನಾಟಕವನ್ನು ಆಧರಿಸಿಯೇ. ಆಟಿಕೆಯೆಂದರೆ ಬರೀ ಆಟವಲ್ಲ, ಅದು ಮನೆಯ ಅಂತಸ್ತಿನ ಗುರುತು ಕೂಡ ಎಂಬ ಅರಿವು ಶೂದ್ರಕನಿಗಿತ್ತು.

ಇದಕ್ಕಿಂತ ಅಚ್ಚರಿಯ ಮಾತು ‘ಚರಕಸಂಹಿತೆ’ಯಲ್ಲಿದೆ. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಹೆರಿಗೆ, ಬಾಣಂತನ, ಶಿಶುಪಾಲನೆಗಳನ್ನು ಹೇಳುತ್ತ ಆಟಿಕೆಗಳಿಗೆ ಬರುತ್ತದೆ. ಅವು ಬಣ್ಣಬಣ್ಣದವಾಗಿರಬೇಕು, ಸದ್ದು ಮಾಡಬೇಕು, ನೋಡಲು ಚೆಂದವಿರಬೇಕು ಎನ್ನುತ್ತದೆ. ಆಮೇಲೆ ಬರುವುದು ನಿಷೇಧಗಳ ಸಾಲು: ಭಾರವಾಗಿರಬಾರದು, ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಎರವಾಗಬಾರದು, ಮಗುವನ್ನು ಹೆದರಿಸಬಾರದು. ಇದನ್ನು ಬರೆದವರು ಯಾರೇ ಆಗಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕುವ ಮಗುವನ್ನು ಹತ್ತಿರದಿಂದ ನೋಡಿದ್ದವರು.

ಇಂದಿನ ಸುರಕ್ಷತಾ ಮಾನದಂಡಗಳು ಇದೇ ಮಾತನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿಭಾಗವೂ 31.7 ಮಿ.ಮೀ. ಅಗಲದ ಒಂದು ಪುಟ್ಟ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಎಳೆಯ ಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ ಅದು. ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ತಿಳಿವಳಿಕೆ ಹಳೆಯದು, ಕಾನೂನು ತೀರಾ ಹೊಸದು. ನಡುವಿನ ಅಷ್ಟೂ ಶತಮಾನಗಳಲ್ಲಿ ಆ ತಿಳಿವಳಿಕೆಯನ್ನು ಕಾಪಾಡಿದ್ದು ಮನೆಯ ಹಿರಿಯರ ಕಣ್ಣು ಮತ್ತು ಕುಶಲಕರ್ಮಿಯ ಕೈ.

ಆ ಕೈಯ ಕೆಲಸಕ್ಕೆ ನಮ್ಮ ಹತ್ತಿರದ ಉದಾಹರಣೆ ಚನ್ನಪಟ್ಟಣ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ದುಂಡಗೆ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ; ತಾಳೆಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಅರಿಶಿನ, ನೀಲಿಗಿಡದಂಥ ಸಸ್ಯಮೂಲದ ಬಣ್ಣ ಬಳಸುವವರು ಇಂದಿಗೂ ಇದ್ದಾರೆ. ಈ ವಿಧಾನದಲ್ಲಿ ಚೂಪು ಮೂಲೆ ಹುಟ್ಟುವುದೇ ಕಷ್ಟ, ಏಕೆಂದರೆ ಲೇತಿನ ಮೇಲೆ ಎಲ್ಲವೂ ದುಂಡಗಾಗುತ್ತದೆ. ಚರಕಸಂಹಿತೆ ಕೇಳುವ ಗುಣಗಳಲ್ಲಿ ಹಲವು ಇಲ್ಲಿ ಕಸುಬಿನ ಸ್ವಭಾವದಿಂದಲೇ ಒದಗಿಬರುತ್ತವೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ಹೊಸ ಆದೇಶದಿಂದ ವಿನಾಯಿತಿ ಸಿಕ್ಕಿತು. ಪ್ರತಿ ಮಾದರಿಯನ್ನೂ ಪ್ರಯೋಗಾಲಯಕ್ಕೆ ಕಳಿಸುವ ಖರ್ಚು ಸಣ್ಣ ಕುಲುಮೆ, ಸಣ್ಣ ಲೇತಿನವರಿಗೆ ನಿಲುಕುವಂಥದಲ್ಲ. ಹಾಗಾಗಿ ಈ ವಿನಾಯಿತಿ ನ್ಯಾಯವೇ. ಆದರೆ ಕೊಳ್ಳುವವರು ಬಣ್ಣ ಯಾವುದೆಂದು ಕೇಳುವ ಅಭ್ಯಾಸವನ್ನು ಬಿಡಬಾರದು.

ಇನ್ನು ನಡೆಬಂಡಿಯ ಮಾತು. ಸುಮಾರು 1440ರಲ್ಲಿ ನೆದರ್ಲೆಂಡ್ಸ್‌ನ ಪ್ರಾಂತ್ಯದಲ್ಲಿ ರಚನೆಯಾದ ‘ಕ್ಲೀವ್ಸ್‌ನ ಕ್ಯಾಥರೀನಳ ಪ್ರಾರ್ಥನಾ ಗ್ರಂಥ’ದಲ್ಲಿ ಒಂದು ಚಿತ್ರವಿದೆ. ಮೇರಿ ಮಗ್ಗದ ಮುಂದೆ ಕುಳಿತಿದ್ದಾಳೆ, ಜೋಸೆಫ್ ಬಡಗಿ ಕೆಲಸದಲ್ಲಿದ್ದಾನೆ, ನಡುವೆ ಬಾಲಯೇಸು ಚಕ್ರವಿರುವ ಮರದ ಚೌಕಟ್ಟಿನೊಳಗೆ ನಿಂತಿದ್ದಾನೆ. ನಡೆಬಂಡಿ ಏಕೆ ಬಂತು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆ ಬೇಕಿಲ್ಲ. ತಂದೆತಾಯಿ ಇಬ್ಬರಿಗೂ ಕೈತುಂಬ ಕೆಲಸ. ಮಗುವನ್ನು ಯಾರಾದರೂ, ಏನಾದರೂ ಹಿಡಿದುಕೊಳ್ಳಬೇಕು.

ಮುಂದಿನ ಶತಮಾನಗಳಲ್ಲಿ ಯೂರೋಪಿನ ಅನುಕೂಲಸ್ಥರು ಮಗುವಿನ ಅಂಗಿಗೆ ಹಿಡಿದು ನಡೆಸುವ ಪಟ್ಟಿಗಳನ್ನು ಹೊಲಿಸಿದರು, ಬಿದ್ದರೆ ಪೆಟ್ಟಾಗದಂತೆ ತಲೆಗೆ ಮೆತ್ತೆಯ ಟೋಪಿ ಕಟ್ಟಿದರು. 1762ರಲ್ಲಿ ಪ್ರಕಟವಾದ ‘ಎಮಿಲ್’ನಲ್ಲಿ ರೂಸೋ ಈ ಟೋಪಿ, ಬಂಡಿ, ಪಟ್ಟಿ ಎಲ್ಲವನ್ನೂ ತಳ್ಳಿಹಾಕಿದ. ಮಗುವನ್ನು ಬಯಲಿಗೆ ಒಯ್ಯಿರಿ, ಓಡಲಿ, ಬೀಳಲಿ, ಏಳುವುದನ್ನು ಕಲಿಯಲಿ ಎಂಬುದು ಅವನ ವಾದ. ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಕೊಟ್ಟವನ ಉಪದೇಶವಿದು ಎಂದು ಓದುಗರು ಆಗಲೂ ಮೂಗು ಮುರಿದರು, ಈಗಲೂ ಮುರಿಯುತ್ತಾರೆ. ಆದರೂ ನಡೆಬಂಡಿಯ ವಿಷಯದಲ್ಲಿ ಕಾಲ ಅವನ ಪರವಾಗಿಯೇ ಸಾಕ್ಷಿ ಹೇಳಿತು.

ಮಗುವನ್ನು ಕೂರಿಸುವ ಪ್ಲಾಸ್ಟಿಕ್ ವಾಕರ್ ಸೆಕೆಂಡಿಗೆ ಒಂದು ಮೀಟರಿನಷ್ಟು ದೂರ ಉರುಳಬಲ್ಲದು. ಅಮ್ಮ ತಿರುಗಿ ನೋಡುವಷ್ಟರಲ್ಲಿ ಮಗು ಮೆಟ್ಟಿಲಂಚಿನಲ್ಲಿರುತ್ತದೆ. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದ 15 ತಿಂಗಳೊಳಗಿನ ಮಕ್ಕಳು ಸುಮಾರು 2,30,000 ಎಂದು 2018ರ ಅಧ್ಯಯನವೊಂದು ಅಂದಾಜಿಸಿತು. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳು ಬಿದ್ದದ್ದು ಮೆಟ್ಟಿಲಿನಿಂದ. ಕೆನಡಾ 2004ರಲ್ಲೇ ಇವುಗಳ ಮಾರಾಟವನ್ನು ನಿಷೇಧಿಸಿತ್ತು. ವಾಕರ್ ಬಳಸಿದ ಮಕ್ಕಳು ತಾವಾಗಿ ನಡೆಯುವುದು ತುಸು ತಡವಾಗುತ್ತದೆ ಎಂದು 1999ರ ಅಧ್ಯಯನವೊಂದು ತೋರಿಸಿತು. ನಮ್ಮ ಅಂಗಡಿಗಳಲ್ಲಿ ಮಾತ್ರ ಅದು ಇನ್ನೂ ಬಣ್ಣಬಣ್ಣದಲ್ಲಿ ತೂಗುತ್ತಿದೆ, ನಾಮಕರಣದ ಉಡುಗೊರೆಯಾಗಿಯೂ ಬರುತ್ತದೆ.

ನಮ್ಮ ಮನೆಗಳ ಮೂರು ಚಕ್ರದ ಮರದ ಬಂಡಿಯನ್ನು ಇದರ ಜೊತೆಗಿಟ್ಟು ನೋಡಬೇಕು. ಎರಡನ್ನೂ ನಾವು ಒಂದೇ ಹೆಸರಿನಿಂದ ಕರೆದರೂ ಅವು ಒಂದೇ ಅಲ್ಲ. ಮರದ ಬಂಡಿಯಲ್ಲಿ ಮಗು ಕೂರುವುದಿಲ್ಲ. ಹಿಡಿ ಹಿಡಿದು ಹಿಂದೆ ನಿಂತು ತಳ್ಳುತ್ತದೆ. ಮೈಭಾರ ತನ್ನ ಕಾಲಿನ ಮೇಲೆಯೇ ಇರುತ್ತದೆ, ಪಾದ ಕಣ್ಣಿಗೆ ಕಾಣುತ್ತದೆ, ಸಾಕೆನಿಸಿದರೆ ಕೈಬಿಟ್ಟು ಕೂರಬಹುದು. ಅದೂ ಜಾರುತ್ತದೆ, ಬೀಳಿಸುತ್ತದೆ. ಹಿರಿಯರೊಬ್ಬರು ಪಕ್ಕದಲ್ಲಿ ಇರಲೇಬೇಕು. ಅದರ ಮಿತಿಯೂ ಅದೇ, ಗುಣವೂ ಅದೇ. ಕಾಲ್ಗೆಜ್ಜೆಯ ಉಪಯೋಗವೂ ಇದೇ ಜಾತಿಯದು: ಅಡುಗೆಮನೆಯಲ್ಲಿರುವವರಿಗೆ ಮಗು ಯಾವ ಕಡೆ ಹೊರಟಿತೆಂದು ತಿಳಿಸುತ್ತದೆ, ಅದನ್ನು ತಡೆಯುವುದಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕೂಡುಕುಟುಂಬದಲ್ಲಿ ಪಕ್ಕದಲ್ಲಿ ಕೂರಲು ಅಜ್ಜಿಯೋ ಅತ್ತೆಯೋ ಇದ್ದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ ತಾಯಿ ವಾಕರ್ ಕೊಂಡರೆ ಅವಳನ್ನು ದೂರುವುದು ಸುಲಭ. ಅವಳ ಸ್ಥಿತಿ ಆ 1440ರ ಚಿತ್ರದ ಮೇರಿಯದೇ: ಮಗ್ಗ ನಿಲ್ಲುವಂತಿಲ್ಲ, ಮಗುವನ್ನೂ ಬಿಡುವಂತಿಲ್ಲ. ಅಂಥ ಮನೆಗೆ ಚಕ್ರವಿಲ್ಲದ ಆಟದ ಕಟಕಟೆಯಾಗಲಿ, ಮೆಟ್ಟಿಲ ಬಾಯಿಗೆ ಕೂರಿಸುವ ಸಣ್ಣ ಗೇಟಾಗಲಿ ವಾಕರ್‌ಗಿಂತ ಹೆಚ್ಚು ಉಪಕಾರಿ. ನಾಮಕರಣಕ್ಕೆ ಉಡುಗೊರೆ ಒಯ್ಯುವವರು ಇಷ್ಟನ್ನು ನೆನಪಿಟ್ಟರೂ ಸಾಕು.