ಕಾಮಾಲೆಯ ಜಾಡು, ನೆಲದಡಿಯ ಮೈಸೂರು

ಕಣ್ಣು ಹಳದಿಯಾಗಿದೆ ಎಂದು ಜನ ನಮ್ಮ ಬಳಿ ಬರುವ ಹೊತ್ತಿಗೆ, ಅವರಿಗೆ ರೋಗ ತಂದ ನೀರು ಹರಿದುಹೋಗಿ ತಿಂಗಳಾಗಿರುತ್ತಿತ್ತು. ವಾಂತಿಭೇದಿಯಾದರೆ ನಿನ್ನೆ ಮೊನ್ನೆ ಏನು ಕುಡಿದಿರಿ ಎಂದು ಕೇಳಿದರೆ ಸಾಕು. ಕಾಮಾಲೆಗೆ ಆ ಲೆಕ್ಕ ನಡೆಯುವುದಿಲ್ಲ. ಹೆಪಟೈಟಿಸ್ ‘ಎ’ ವೈರಸ್ ಮೈ ಸೇರಿದ ಮೇಲೆ ಕಾಯಿಲೆ ತೋರಿಸಿಕೊಳ್ಳಲು 15ರಿಂದ 50 ದಿನ ಬೇಕು, ಸಾಮಾನ್ಯವಾಗಿ ನಾಲ್ಕು ವಾರ. ‘ಇ’ ಆದರೆ ಎರಡರಿಂದ ಹತ್ತು ವಾರ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಮನೆಮನೆ ತಿರುಗಿದ ನಾನು ಮೊದಲು ಕಲಿತದ್ದೇ ಹಿಂದಕ್ಕೆ ಎಣಿಸುವುದನ್ನು.

ತಾರೀಕು ಕೇಳಿದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಆಷಾಢ ಶುಕ್ರವಾರ, ಬಕ್ರೀದ್, ಜಂಬೂಸವಾರಿ ಎಂದರೆ ಥಟ್ಟನೆ ಹೊಳೆಯುತ್ತಿತ್ತು. “ಹಬ್ಬದ ಹಿಂದುಮುಂದು ನಲ್ಲಿ ನೀರು ಹೇಗೆ ಬರ್ತಿತ್ತಮ್ಮ? ರಸ್ತೆ ಏನಾದ್ರೂ ಅಗೆದಿದ್ರಾ?” ಎಂದು ಕೇಳುತ್ತಿದ್ದೆ. ಯಾರ ಮನೆಯಲ್ಲಿ ಜ್ವರ ಯಾವಾಗ ಶುರುವಾಯಿತು, ಊಟ ಯಾವಾಗ ಬೇಡವಾಯಿತು, ಮನೆಗೆ ಬರುವುದು ನಲ್ಲಿ ನೀರೋ ಬೋರ್‌ವೆಲ್ ನೀರೋ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹಿಂದಕ್ಕೆ ಹೋದರೆ ಹೆಚ್ಚುಕಡಿಮೆ ಒಂದು ವಾರ ಕೈಗೆ ಸಿಗುತ್ತಿತ್ತು. ಆ ವಾರ ನೆಲದಡಿ ಏನಾಯಿತು ಎಂದು ಕಂಡುಹಿಡಿಯಬೇಕಾದರೆ ನೆಲದಡಿ ಏನಿದೆ ಎಂದು ಗೊತ್ತಿರಬೇಕು. ಹಾಗಾಗಿ ನನಗೆ ಮೈಸೂರಿನ ಇತಿಹಾಸವೆಂದರೆ ಅರಮನೆಗಿಂತ ಮೊದಲು ಅದರ ಚರಂಡಿ, ಕೊಳವೆಗಳ ಇತಿಹಾಸ.

ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಜಂಬೂಸವಾರಿ ನೋಡುವವರ ಕಾಲಡಿಯಲ್ಲೇ ಒಂದು ನಾಲೆ ಹೂತುಹೋಗಿದೆ. 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿ ನೀರನ್ನು ಊರಿಗೆ ತರಲು ತೋಡಿಸಿದ್ದು ಅದು. ಕಾವೇರಿ ಬರಲಿಲ್ಲ, ನಾಲೆ ಊರಿನ ಹೊಲಸಿಗೆ ದಾರಿಯಾಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅದರ ದೊಡ್ಡ ಭಾಗವನ್ನು ಮುಚ್ಚಿ ಅಗಲವಾದ ರಸ್ತೆ ಮಾಡಿ, ಬರೋಡಾದ ಗಾಯಕವಾಡರ ಹೆಸರಿಟ್ಟರು. ಆವರೆಗೆ ಜನ ಕುಡಿದದ್ದು ಬಾವಿ, ಕೊಳ, ಕೆರೆಗಳ ನೀರನ್ನು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆಯೂ ಅದರಲ್ಲೊಂದು. ಕೊಳವೆಯಲ್ಲಿ ಕಾವೇರಿ ಬಂದ ಕಥೆಗೆ 1895ರಿಂದ 1902ರವರೆಗೆ ರಾಜ್ಯಭಾರ ನೋಡಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅಂಟಿಕೊಂಡಿದೆ. ಯಾದವಗಿರಿಯ ವಾಣಿವಿಲಾಸ ವಾಟರ್ ವರ್ಕ್ಸ್ ಇಂದಿಗೂ ಆ ಹೆಸರಿನದೇ.

ಆ ಮಹಾರಾಣಿಯವರ ಕಾಲದಲ್ಲೇ, 1898ರಲ್ಲಿ, ಪ್ಲೇಗು ಬಂತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸದೆ ಊರು ಉಳಿಯುವುದಿಲ್ಲ ಎಂಬುದು ಆಳುವವರಿಗೂ ಮನವರಿಕೆಯಾಯಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ದೇಶದಲ್ಲಿ ಅಂಥ ಸಂಸ್ಥೆಗಳು ಆಗ ಬೆರಳೆಣಿಕೆಯಷ್ಟು. ಚಾಮರಾಜಪುರಂ, ಲಕ್ಷ್ಮೀಪುರಂನಂಥ ಬಡಾವಣೆಗಳ ನೇರ ರಸ್ತೆಗಳನ್ನು ಹೊಗಳುವವರು ಬಹಳ ಮಂದಿ. ನಾನು ತೋರಿಸುವುದು ಮನೆಗಳ ಹಿಂದಿನ ಕನ್ಸರ್ವೆನ್ಸಿಯನ್ನು. ಮನೆಯ ಕಕ್ಕಸಿನಿಂದ ಮಲ ತೆಗೆದುಕೊಂಡು ಹೋಗಲೆಂದೇ ಬಿಟ್ಟ ಓಣಿಗಳು ಅವು. ಅಲ್ಲಿ ತಲೆಯ ಮೇಲೆ ಮಲ ಹೊತ್ತು ನಡೆದವರು ಈ ಊರನ್ನು ಎಷ್ಟು ಕಾಯಿಲೆಗಳಿಂದ ಕಾಪಾಡಿದರೋ, ಅವರ ಹೆಸರು ಯಾವ ರಸ್ತೆಗೂ ಇಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಆ ಪದ್ಧತಿಯನ್ನು ನಿಷೇಧಿಸಿದರು. ನಾನು ಆರೋಗ್ಯ ಇಲಾಖೆಯ ನೌಕರಳಾಗಿ ಹೇಳುತ್ತೇನೆ, ಅದು ನಮ್ಮ ರಾಜ್ಯದ ಅತಿ ದೊಡ್ಡ ಆರೋಗ್ಯ ಕಾರ್ಯಕ್ರಮಗಳಲ್ಲಿ ಒಂದು.

ಮಲ ಹೊರುವುದು ನಿಂತಿತು. ಮಲ ಯುಜಿಡಿ, ಅಂದರೆ ಒಳಚರಂಡಿಯ, ಪೈಪಿಗೆ ಇಳಿಯಿತು. ಹಳೆಯ ಭಾಗಗಳಲ್ಲಿ ಆ ಪೈಪು ಹೋಗಲು ಜಾಗವಿದ್ದದ್ದು ಕುಡಿಯುವ ನೀರಿನ ಪೈಪಿನ ಪಕ್ಕದಲ್ಲೇ. ಕೆಲವು ಕಡೆ ಮನೆಯ ಸಣ್ಣ ನಲ್ಲಿ ಪೈಪು ತೆರೆದ ಚರಂಡಿಯ ಒಳಗೇ ಹಾದುಹೋಗುತ್ತದೆ. ನೀರು ದಿನವಿಡೀ ಬರುತ್ತಿದ್ದರೆ ಒಳಗಿನ ಒತ್ತಡದಿಂದ ಹೊರಗಿನದು ನುಗ್ಗುವುದಿಲ್ಲ. ನೀರು ನಿಲ್ಲಿಸಿದ ಕೂಡಲೇ ಕೊಳವೆ ಬರಿದಾಗಿ, ಬಿರುಕಿದ್ದಲ್ಲಿ ಸುತ್ತಲಿನ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಯಾರೋ ನಲ್ಲಿಗೆ ನೇರವಾಗಿ ಮೋಟಾರು ಹಾಕಿ ಎಳೆದರಂತೂ ಇನ್ನೂ ಜೋರು. ಮರುದಿನ ಮೊದಲು ಬರುವ ಬಿಂದಿಗೆ ನೀರಿನಲ್ಲಿ ಅದೆಲ್ಲ ಇರುತ್ತದೆ.

ಒಂದು ಮೊಹಲ್ಲಾದಲ್ಲಿ ಕಾಮಾಲೆಯವರ ಮನೆಗಳನ್ನು ಹಾಳೆಯ ಮೇಲೆ ಗುರುತು ಹಾಕುತ್ತಾ ಹೋದೆ. ಎಲ್ಲವೂ ರಸ್ತೆಯ ಒಂದೇ ಬದಿ. ಎದುರು ಬದಿಯ ಮಕ್ಕಳು ಅದೇ ಶಾಲೆಗೆ ಹೋಗುತ್ತಿದ್ದರು, ಅದೇ ಗಾಡಿಯಲ್ಲಿ ಪಾನಿಪೂರಿ ತಿನ್ನುತ್ತಿದ್ದರು, ಅವರಿಗೇನೂ ಆಗಿರಲಿಲ್ಲ. ಕಚೇರಿಯಲ್ಲಿದ್ದ ನಕ್ಷೆಯಲ್ಲಿ ರಸ್ತೆಗೆ ಒಂದೇ ಲೈನು. ಕೊನೆಗೆ ನೀರು ಬಿಡುವ ವಾಲ್ವ್‌ಮನ್ ಅನ್ನು ಕರೆತಂದೆ. ಆತ ಹಾಳೆಯನ್ನು ನೋಡಿ, “ಸಿಸ್ಟರ್, ಈ ಕಡೆಗೆ ಬೇರೆ ಲೈನು ಕಣಮ್ಮ. ನಮ್ಮಪ್ಪನ ಕಾಲದ್ದು. ಆ ಮ್ಯಾನ್‌ಹೋಲ್ ಕೆಳಗೇ ಹೋಗ್ತದೆ” ಎಂದ. ಅಗೆಸಿದಾಗ ಕೊಳವೆ ತುಕ್ಕು ಹಿಡಿದು, ಯುಜಿಡಿ ಸೋರಿದ ಕೆಸರಿನಲ್ಲಿ ಮುಳುಗಿತ್ತು. ಅಲ್ಲಿಗೆ ಟ್ಯಾಂಕರ್ ನೀರು ತರಿಸಿ, ಲೈನು ಬದಲಾಯಿಸಿದರು. ಆದರೆ ಅಷ್ಟರೊಳಗೆ ಕುಡಿದವರಿಗೆ ಇನ್ನೂ ಕೆಲವು ವಾರ ಕಣ್ಣು ಹಳದಿಯಾಗುತ್ತಲೇ ಇತ್ತು. “ಪೈಪು ಹಾಕಿದ್ಮೇಲೂ ಬಂತಲ್ಲ ನರ್ಸಮ್ಮ” ಎಂದು ಕೇಳಿದವರಿಗೆ ಆ ವಾರಗಳ ಲೆಕ್ಕವನ್ನು ಬಾಗಿಲು ಬಾಗಿಲಿಗೂ ಬಿಡಿಸಿ ಹೇಳಬೇಕಾಯಿತು.

ಕ್ಲೋರಿನ್ ಇದ್ದ ಮೇಲೆ ಭಯವೇಕೆ ಎಂದು ಕೇಳುವವರಿಗೆ ನಾನು ದೆಹಲಿಯ ಮಾತು ಹೇಳುತ್ತಿದ್ದೆ. 1955ರ ಕೊನೆಯಲ್ಲಿ ಪ್ರವಾಹದಿಂದಾಗಿ ನಜಫ್‌ಗಢ ನಾಲೆಯ ಕೊಳೆ ಯಮುನೆಯಲ್ಲಿ ವಜೀರಾಬಾದಿನ ನೀರೆತ್ತುವ ಜಾಗಕ್ಕೇ ಬಂದು ಸೇರಿತು. ಅಲ್ಲಿನವರು ಕ್ಲೋರಿನ್ ಹೆಚ್ಚಿಸಿದರು. ಟೈಫಾಯಿಡ್ ಏರಲಿಲ್ಲ. ಆದರೆ ವಾರಗಳ ನಂತರ 29 ಸಾವಿರಕ್ಕೂ ಹೆಚ್ಚು ಜನರಿಗೆ ಕಾಮಾಲೆಯಾಯಿತು. ಬ್ಯಾಕ್ಟೀರಿಯಾವನ್ನು ಕೊಂದ ಕ್ಲೋರಿನ್, ಕೊಳೆತುಂಬಿದ ನೀರಿನಲ್ಲಿ ಅಡಗಿದ ವೈರಸ್ಸನ್ನು ಮುಟ್ಟಲಿಲ್ಲ. ಅದು ‘ಎ’ ಅಲ್ಲ ಎಂದು ಗೊತ್ತಾಗಲು 1980 ಬರಬೇಕಾಯಿತು. 1983ರಲ್ಲಿ ಬಲಯಾನ್ ಎಂಬ ಸೋವಿಯತ್ ವಿಜ್ಞಾನಿ ರೋಗಿಗಳ ಮಲದಿಂದ ತೆಗೆದ ಸಾರವನ್ನು ತಾನೇ ಕುಡಿದು, ಕಾಯಿಲೆ ಬಿದ್ದು, ವೈರಸ್ಸನ್ನು ತೋರಿಸಿದರು. ಅದನ್ನೇ ಈಗ ‘ಇ’ ಎನ್ನುತ್ತೇವೆ. ಕ್ಲೋರಿನ್ ಇದೆಯೇ ಎಂದು ನೋಡುವ ನಮ್ಮ ಕೈಯ ಕ್ಲೋರೋಸ್ಕೋಪಿನಲ್ಲಿ ನೀರು ಹಳದಿಗೆ ತಿರುಗಿದರೆ ಸಾಲದು, ಕೊಳವೆ ಗಟ್ಟಿಯಿರಬೇಕು.

ನನಗೆ ನಿದ್ದೆ ಕೆಡಿಸುತ್ತಿದ್ದದ್ದು ಬಸುರಿಯರು. ‘ಇ’ ಉಳಿದವರಲ್ಲಿ ಸಾಮಾನ್ಯವಾಗಿ ತಾನೇ ಬಂದು ತಾನೇ ಹೋಗುತ್ತದೆ. ತಿಂಗಳು ತುಂಬಿದ ಬಸುರಿಯರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಮಂದಿ ಸಾಯುವುದುಂಟು. ಮನೆಯಲ್ಲಿ ಅತ್ತೆಯಂದಿರು ನೆಲನೆಲ್ಲಿ ಅರೆದು ಕೊಡುತ್ತಿದ್ದರು, ಕೆಲವರು ಕೈಗೆ ಬರೆ ಹಾಕಿಸುತ್ತಿದ್ದರು. ನಾನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. “ಅಜ್ಜೀ, ಔಷಧಿ ಆಮೇಲೆ ನೋಡೋಣ, ಹುಡುಗಿಯನ್ನ ಈಗಲೇ ಚೆಲುವಾಂಬ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಆಟೋ ನಾನು ಕರೀತೀನಿ” ಎನ್ನುತ್ತಿದ್ದೆ. ಒಬ್ಬಳು ಹೋಗಲಿಲ್ಲ. ಅವಳ ಮನೆಯ ಮುಂದೆ ಹಾದುಹೋಗುವುದು ಈಗಲೂ ನನಗೆ ಕಷ್ಟ.

‘ಎ’ಯ ಸ್ವಭಾವವೂ ಬದಲಾಗುತ್ತಿದೆ. ಹಿಂದೆ ನಮ್ಮ ಮಕ್ಕಳಿಗೆ ಚಿಕ್ಕಂದಿನಲ್ಲೇ ಬಂದು, ಯಾರಿಗೂ ತಿಳಿಯದೆ ಹೋಗಿಬಿಡುತ್ತಿತ್ತು. ಶುದ್ಧ ನೀರು ಕುಡಿದು ಬೆಳೆದ ಮಕ್ಕಳು ಹಾಸ್ಟೆಲಿಗೆ, ಪೇಯಿಂಗ್ ಗೆಸ್ಟ್ ಮನೆಗಳಿಗೆ ಬಂದಾಗ ಮೊದಲ ಸಲ ವೈರಸ್ ಎದುರಾಗುತ್ತದೆ. ದೊಡ್ಡವರಿಗೆ ಬಂದರೆ ಜೋರಾಗಿಯೇ ಬರುತ್ತದೆ.

2004ರಲ್ಲಿ ಕೇಂದ್ರ ಸರ್ಕಾರ ಸಮಗ್ರ ರೋಗ ಕಣ್ಗಾವಲು ಯೋಜನೆ ತಂದ ಮೇಲೆ ನಮ್ಮ ಕೈಗೆ ‘ಎಸ್’ ಫಾರಂ, ವೈದ್ಯರಿಗೆ ‘ಪಿ’, ಪ್ರಯೋಗಾಲಯಕ್ಕೆ ‘ಎಲ್’ ಬಂದವು. ಪ್ರತಿವಾರ ಎಣಿಕೆ ಕೊಡಬೇಕಿತ್ತು. 2018ರ ನಂತರ ಅದು ಮೊಬೈಲಿಗೆ, ಟ್ಯಾಬಿಗೆ ಹೋಯಿತು. ಕಾಯಿಲೆಯ ಸುದ್ದಿ ಅದೇ ದಿನ ಮೇಲಿನವರಿಗೆ ತಲುಪುತ್ತದೆ. ಒಳ್ಳೆಯದು, ಮನಃಪೂರ್ವಕವಾಗಿ ಹೇಳುತ್ತೇನೆ. ಆದರೆ ಆ ಮನೆಗೆ ನೀರು ತರುವ ಲೈನು ಯಾವುದು, ಯಾವ ಕಾಲದ್ದು, ಯಾವ ಚರಂಡಿಯನ್ನು ದಾಟುತ್ತದೆ ಎಂಬುದು ಆ ಎಣಿಕೆಯಲ್ಲಿ ಬರುವುದಿಲ್ಲ. ಅದು ತಿಳಿದಿರುವ ವಾಲ್ವ್‌ಮನ್‌ಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರು ಹೋಗುವ ಮೊದಲು ಪ್ರತಿ ವಾರ್ಡಿನಲ್ಲಿ ಒಬ್ಬೊಬ್ಬರನ್ನು ಕೂರಿಸಿಕೊಂಡು, ರಸ್ತೆ ರಸ್ತೆ ನಡೆಸಿಕೊಂಡು, ನೀರಿನ ಲೈನು ಮತ್ತು ಯುಜಿಡಿ ಲೈನು ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆಸಬೇಕು ಎಂದು ಸಿಕ್ಕ ಅಧಿಕಾರಿಗಳಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನನ್ನ ವಾರ್ಡಿನ ಹಾಳೆಗಳು ನನ್ನಲ್ಲಿವೆ. ಈಗ ಅಲ್ಲಿ ಕೆಲಸ ಮಾಡುವ ಆಶಾ ಕಾರ್ಯಕರ್ತೆಗೆ ಅದರ ಪ್ರತಿ ಮಾಡಿಸಿ ಕೊಟ್ಟಿದ್ದೇನೆ.