ಖಾಂಡವದಹನ (ಕಾವ್ಯವಸ್ತು)

ಖಾಂಡವದಹನ: ಯಮುನೆಯ ದಂಡೆಯಲ್ಲಿದ್ದ ಖಾಂಡವವನವನ್ನು ಕೃಷ್ಣಾರ್ಜುನರು ಅಗ್ನಿಗೆ ಉಣಬಡಿಸಿದ ಪ್ರಸಂಗ. ಮಹಾಭಾರತದ ಆದಿಪರ್ವದ ಕೊನೆಯಲ್ಲಿ ಬರುತ್ತದೆ. ಕಾಡು ಯಾರ ಸೊತ್ತು, ಅದನ್ನು ದಾನ ಕೊಡುವ ಹಕ್ಕು ಮನುಷ್ಯನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಭಾರತೀಯ ಕಾವ್ಯದಲ್ಲಿ ಇದು ಬಹು ಹಳೆಯ ನೆಲೆ.

ಕಥೆ: ಶ್ವೇತಕಿ ರಾಜನ ದೀರ್ಘ ಯಾಗದಲ್ಲಿ ತುಪ್ಪ ಕುಡಿದು ಅಜೀರ್ಣಗೊಂಡ ಅಗ್ನಿ, ಬ್ರಾಹ್ಮಣ ವೇಷದಲ್ಲಿ ಬಂದು ಖಾಂಡವವನ್ನು ಬೇಡುತ್ತಾನೆ. ನಾಗರಾಜ ತಕ್ಷಕ ಅಲ್ಲಿ ನೆಲಸಿದ್ದರಿಂದ ಇಂದ್ರ ಆ ಕಾಡನ್ನು ಮಳೆಗರೆದು ಕಾಯುತ್ತಿದ್ದ. ವರುಣನಿಂದ ಬಂದ ಗಾಂಡೀವ, ಅಕ್ಷಯ ಬತ್ತಳಿಕೆ, ಕಪಿಧ್ವಜದ ರಥಗಳ ಬಲದಿಂದ ಅರ್ಜುನ ಮಳೆಯನ್ನು ತಡೆಯುತ್ತಾನೆ. ಹೊರಗೋಡುವ ಪ್ರಾಣಿಗಳನ್ನು ಇಬ್ಬರೂ ಕೊಂದು ಬೆಂಕಿಗೆ ಕೆಡಹುತ್ತಾರೆ. ಉಳಿದವರು ಆರೇ ಜನ: ತಕ್ಷಕನ ಮಗ ಅಶ್ವಸೇನ, ಶಿಲ್ಪಿ ಮಯ ಮತ್ತು ಜರಿತೆಯೆಂಬ ಶಾರ್ಙ್ಗಕ ಹಕ್ಕಿಯ ನಾಲ್ಕು ಮರಿಗಳು. ಮಗನನ್ನು ಉಳಿಸಲು ಹೋದ ಅಶ್ವಸೇನನ ತಾಯಿ ಅರ್ಜುನನ ಬಾಣಕ್ಕೆ ಬಲಿಯಾದಳು. ಪ್ರಾಣ ಉಳಿಸಿದ ಋಣಕ್ಕೆ ಮಯ ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟ.

ಸ್ಥಳ: ಖಾಂಡವದ ಸೀಮೆಯಲ್ಲಿದ್ದ ಪಾಂಡವರ ರಾಜಧಾನಿ ಇಂದ್ರಪ್ರಸ್ಥವೇ ದೆಹಲಿಯ ಪುರಾನಾ ಕಿಲಾ ಇರುವ ಜಾಗವೆಂಬುದು ನಂಬಿಕೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಕೋಟೆಯೊಳಗೆ ಇಂದ್ರಪತ್ ಎಂಬ ಹಳ್ಳಿಯಿತ್ತು. 1954-55ರಲ್ಲಿ ಬಿ.ಬಿ. ಲಾಲ್ ನಡೆಸಿದ ಉತ್ಖನನದಲ್ಲಿ ಚಿತ್ರಿತ ಬೂದು ಮಡಕೆಯ ಚೂರುಗಳು ಸಿಕ್ಕವು. ಆದರೆ ಇದೇ ಇಂದ್ರಪ್ರಸ್ಥವೆಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಕನ್ನಡ ಕಾವ್ಯದಲ್ಲಿ: ಪಂಪ (ವಿಕ್ರಮಾರ್ಜುನವಿಜಯ, 941) ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡವನು; ಆದ್ದರಿಂದ ಅವನಲ್ಲಿ ದಹನ ನಾಯಕನ ಪರಾಕ್ರಮದ ಭಾಗ. ಹದಿನೈದನೆಯ ಶತಮಾನದ ಕುಮಾರವ್ಯಾಸನೂ ಈ ಪ್ರಸಂಗವನ್ನು ಹಾಡಿದ್ದಾನೆ. ಕನ್ನಡಿಗರ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಇದರ ಮುಂದಿನ ಕೊಂಡಿ. ತಾಯಿಯನ್ನು ಕಳೆದುಕೊಂಡ ಅಶ್ವಸೇನ ಕರ್ಣನ ಸರ್ಪಾಸ್ತ್ರವಾಗಿ ಬಂದು ಅರ್ಜುನನ ಕಿರೀಟವನ್ನು ಹಾರಿಸುತ್ತಾನೆ. ತೊಟ್ಟ ಬಾಣವನ್ನು ಮತ್ತೆ ತೊಡಲು ಕರ್ಣ ಒಪ್ಪುವುದಿಲ್ಲ. ಯಕ್ಷಗಾನ, ಗಮಕಗಳಲ್ಲಿ ಕರ್ಣನ ಹಿರಿಮೆಯಾಗಿ ಕೇಳುವ ಈ ಕಥೆಯ ಬೇರು ಸುಟ್ಟ ಕಾಡಿನಲ್ಲಿದೆ.

ಆಧುನಿಕ ದೆಹಲಿಯಲ್ಲಿ: ಇರಾವತಿ ಕರ್ವೆ ಮರಾಠಿಯ ‘ಯುಗಾಂತ’ದಲ್ಲಿ ಈ ದಹನವನ್ನು ನೆಲಕ್ಕಾಗಿ ನಡೆದ ಕ್ರೌರ್ಯವೆಂದು ಓದಿದರು. ದೆಹಲಿಯಲ್ಲಿ ಬಾಳಿದ ಹಿಂದಿ ಕವಿಗಳು ಖಾಂಡವದ ಹೆಸರೆತ್ತದೆಯೂ ಅದರ ಪ್ರಶ್ನೆಯನ್ನು ಎತ್ತಿದ್ದಾರೆ. ಅಜ್ಞೇಯರ ಪುಟ್ಟ ಕವಿತೆ ‘ಸಾಂಪ್’ ನಾಗರಿಕತೆಯ ವಿಷವನ್ನು ಹಾವಿನ ಮುಂದಿಟ್ಟು ವಿಚಾರಿಸುತ್ತದೆ. ಕುಂವರ್ ನಾರಾಯಣ್ (1927-2017) ಮರ ಕಡಿದದ್ದನ್ನು ಶೀರ್ಷಿಕೆಯಲ್ಲೇ ‘ಹತ್ಯೆ’ ಎಂದು ಕರೆದರು. 2018ರ ಜೂನ್‌ನಲ್ಲಿ ಸರೋಜಿನಿ ನಗರದ ಸರ್ಕಾರಿ ವಸತಿಗಳ ಮರುನಿರ್ಮಾಣಕ್ಕಾಗಿ ಸಾವಿರಾರು ಮರಗಳನ್ನು ಉರುಳಿಸಲು ಹೊರಟಾಗ ದೆಹಲಿಯ ಜನ ಮರಗಳನ್ನು ಅಪ್ಪಿ ನಿಂತರು. ಹೈಕೋರ್ಟ್ ಕಡಿತಕ್ಕೆ ತಡೆ ನೀಡಿತು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ‘ಅಪ್ಪಿಕೊ’ ಚಳವಳಿ ಹುಟ್ಟಿದ್ದೂ ಹೀಗೆಯೇ.

ಮಹತ್ತ್ವ: ಕಾಡು ಸುಟ್ಟವರನ್ನು ವ್ಯಾಸರ ಕಾವ್ಯ ಹೊಗಳುತ್ತದೆ, ಆದರೆ ಲೆಕ್ಕವನ್ನು ಅಲ್ಲಿಗೇ ಮುಗಿಸುವುದಿಲ್ಲ. ಬೆಂಕಿಯ ದಿನ ಕುರುಕ್ಷೇತ್ರಕ್ಕೆ ಹೋಗಿ ಬದುಕಿಕೊಂಡ ತಕ್ಷಕ ಅರ್ಜುನನ ಮೊಮ್ಮಗ ಪರೀಕ್ಷಿತನನ್ನು ಕಚ್ಚುತ್ತಾನೆ. ಪರೀಕ್ಷಿತನ ಮಗ ಜನಮೇಜಯ ಸರ್ಪಯಾಗ ಹೂಡುತ್ತಾನೆ. ಮಹಾಭಾರತವನ್ನು ವೈಶಂಪಾಯನ ಹೇಳುವುದೇ ಆ ಯಾಗಶಾಲೆಯಲ್ಲಿ. ಯಾಗವನ್ನು ನಿಲ್ಲಿಸುವ ಆಸ್ತೀಕನಿಗೆ ತಂದೆ ಋಷಿ, ತಾಯಿ ನಾಗಿನಿ. ಎರಡೂ ಕುಲದ ರಕ್ತ ಹೊತ್ತವನ ಮಾತಿಗೆ ಮಾತ್ರ ಆ ಬೆಂಕಿ ತಣಿಯಿತು.