‘ದಾವೀದನ ಕೀರ್ತನೆ’ ಎಂಬಲ್ಲಿನ ಷಷ್ಠಿ: 51ನೆಯ ಕೀರ್ತನೆಯ ಕರ್ತೃತ್ವ

ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕಾಡುಗೊಲ್ಲರು ಗಣೆ ಊದಿ ಹಾಡುವ ‘ಜುಂಜಪ್ಪನ ಪದ’ವನ್ನು ಜುಂಜಪ್ಪನೇ ಕಟ್ಟಿದ್ದೆಂದು ಯಾರೂ ತಿಳಿಯುವುದಿಲ್ಲ. ಅದು ಜುಂಜಪ್ಪನ ಮೇಲಿನ ಪದ. ‘ಪುರಂದರದಾಸರ ಪದ’ ಎಂದಾಗ ಮಾತ್ರ ಅದು ದಾಸರು ರಚಿಸಿದ್ದು. ವಿಭಕ್ತಿ ಒಂದೇ, ಸಂಬಂಧ ಬೇರೆ. ತುರುವೇಕೆರೆಯಲ್ಲಿ ಕುಳಿತು ಕನ್ನಡ ಬೈಬಲಿನ 51ನೆಯ ಕೀರ್ತನೆಯನ್ನು ಓದುವಾಗ ಈ ವ್ಯತ್ಯಾಸ ನೆನಪಿಗೆ ಬಂತು.

ಆ ಕೀರ್ತನೆಯ ತಲೆಬರಹ, ದಾವೀದ ರಾಜನು ಪರಸ್ತ್ರೀ ಬತ್ಷೆಬೆಯನ್ನು ಕೂಡಿದ ಬಳಿಕ ಪ್ರವಾದಿ ನಾತಾನನು ಅವನಲ್ಲಿಗೆ ಬಂದ ಸಂದರ್ಭವನ್ನು ಹೇಳುತ್ತದೆ. ಹೀಬ್ರೂವಿನಲ್ಲಿರುವುದು ‘ಮಿಜ್ಮೋರ್ ಲೆದಾವಿದ್’. ಇಲ್ಲಿನ ‘ಲೆ’ ಎಂಬ ಉಪಸರ್ಗಕ್ಕೆ ‘ಅವನ’, ‘ಅವನಿಗೆ’, ‘ಅವನಿಗಾಗಿ’, ‘ಅವನ ಕುರಿತು’ ಎಂಬ ಅರ್ಥಗಳೆಲ್ಲ ಸಲ್ಲುತ್ತವೆ. ಅದೇ ತಲೆಬರಹದ ಮೊದಲ ಪದದಲ್ಲೂ, ಪ್ರಧಾನ ಗಾಯಕನನ್ನು ಹೇಳುವಲ್ಲಿ, ಇದೇ ಅಕ್ಷರವಿದೆ. ಗಾಯಕನೇ ಕವಿ ಎಂದು ಅಲ್ಲಿ ಯಾರೂ ವಾದಿಸಿಲ್ಲ. 72ನೆಯ ಕೀರ್ತನೆಯ ‘ಲೆಶ್ಲೋಮೋ’ವನ್ನು ಕ್ರಿಸ್ತಪೂರ್ವದ ಗ್ರೀಕ್ ಅನುವಾದಕರು ‘ಸೊಲೊಮೋನನಿಗಾಗಿ’ ಎಂಬಂತೆ ಓದಿದರು. ರಾಜನಿಗೆ ಒಳಿತನ್ನು ಬೇಡುವ ಆ ಹಾಡಿಗೆ ಅದು ಒಪ್ಪುತ್ತದೆ. ಹೀಬ್ರೂ ಪಾಠದಲ್ಲಿ ‘ಲೆದಾವಿದ್’ ಎಂಬ ಗುರುತು 73 ಕೀರ್ತನೆಗಳಿಗಿದೆ. ಗ್ರೀಕಿನಲ್ಲಿ ಅದು ಇನ್ನೂ ಹೆಚ್ಚು. ಹೆಸರು ಕಾಲಕ್ರಮದಲ್ಲಿ ಹಬ್ಬುತ್ತ ಹೋಗಿದೆ ಎನ್ನಲು ಇಷ್ಟು ಸಾಕು.

ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಕೆಲಸದಿಂದ 1830ರ ದಶಕದ ಆರಂಭದಲ್ಲಿ ಇಡೀ ಬೈಬಲು ಕನ್ನಡಕ್ಕೆ ಬಂತು. ಕನ್ನಡ ಬೈಬಲಿನಲ್ಲಿ ನಿಂತಿರುವ ‘ಕೀರ್ತನೆ’ ಎಂಬ ಮಾತು ಸೊಗಸಾದದ್ದೇ. ಆದರೆ ದಾಸರ ಕೀರ್ತನೆಗೆ ಅಂಕಿತವಿರುತ್ತದೆ, ಕಟ್ಟಿದವರು ಇಂಥವರೆಂಬ ನಿರೀಕ್ಷೆ ಇರುತ್ತದೆ. ಆ ನಿರೀಕ್ಷೆಯೂ ಪದದ ಬೆನ್ನಿಗೇ ಬಂದಿದೆ.

ಅಂಕಿತ ಹಾಡಿನ ಒಡಲಲ್ಲಿರುತ್ತದೆ. ‘ಲೆದಾವಿದ್’ ಹೊರಗಿನ ತಲೆಬರಹ. ಒಡಲಲ್ಲಿದ್ದೂ ಅಂಕಿತ ಮೋಸ ಮಾಡಬಲ್ಲದು. ಎಡೆಯೂರಿನ ತೋಂಟದ ಸಿದ್ಧಲಿಂಗರ ಶಿಷ್ಯ ಘನಲಿಂಗಿದೇವನ ಅಂಕಿತ ‘ಘನಲಿಂಗಿಯ ಮೋಹದ ಚೆನ್ನಮಲ್ಲಿಕಾರ್ಜುನ’. ಓಲೆಯಲ್ಲಿ ಮೊದಲೆರಡು ಪದ ಮುರಿದುಹೋದರೆ ವಚನ ಅಕ್ಕಮಹಾದೇವಿಯ ಪಾಲಾಗುತ್ತದೆ. ಒಳಗಿನ ಅಂಕಿತದ ಪಾಡೇ ಇದಾದರೆ ಹೊರಗಿನ ತಲೆಬರಹಕ್ಕೆ ಎಷ್ಟು ತೂಕ ಕೊಡೋಣ?

ಇನ್ನು ಕೀರ್ತನೆಯ ಕೊನೆ. 16–17ನೆಯ ವಚನಗಳಲ್ಲಿ ದೇವರಿಗೆ ಯಜ್ಞ ಬೇಡ, ಕುಗ್ಗಿದ ಮನಸ್ಸೇ ಸಾಕು. 18–19ರಲ್ಲಿ ಯೆರೂಸಲೇಮಿನ ಗೋಡೆ ಕಟ್ಟು ಎಂಬ ಬೇಡಿಕೆ, ಆಮೇಲೆ ಹೋರಿಗಳ ಬಲಿ. (ತಲೆಬರಹವನ್ನೂ ಎಣಿಸುವುದರಿಂದ ಹೀಬ್ರೂ ಪ್ರತಿಯಲ್ಲಿ ಇವು 20–21.) ಬಾಬಿಲೋನಿನವರು ಆ ಗೋಡೆ ಕೆಡವಿದ್ದು ಕ್ರಿ.ಪೂ. 586ರ ಸುಮಾರಿಗೆ, ದಾವೀದನಿಗೆ ನಾಲ್ಕು ಶತಮಾನ ಈಚೆಗೆ. ಆದರೂ ಗೋಡೆಯೊಂದನ್ನೇ ಹಿಡಿದು ತೀರ್ಮಾನಿಸುವುದು ಸರಿಯಲ್ಲ: ಗೋಡೆ ಮುಗಿದದ್ದು ಸೊಲೊಮೋನನ ಕಾಲಕ್ಕೆ ಎಂದು ಅರಸುಗಳ ಮೊದಲ ಗ್ರಂಥ (3:1) ಹೇಳುವುದರಿಂದ ದಾವೀದನೂ ಹಾಗೆ ಬೇಡಿರಬಹುದು ಎಂಬ ಉತ್ತರವಿದೆ. ನನಗೆ ಗಟ್ಟಿಯಾಗಿ ಕಾಣುವುದು ಬಲಿಯ ವಿಷಯದಲ್ಲಿ ಮಾತು ತಿರುಗಿದ ಬಗೆ. ಬಲಿ ಬೇಡವೆಂದದ್ದಕ್ಕೆ ‘ಸದ್ಯಕ್ಕೆ’ ಎಂಬ ತಿದ್ದುಪಡಿ ಸೇರಿಸಿದಂತಿದೆ.

ಇದು ಇಂದಿನ ವಿಮರ್ಶಕರ ಶಂಕೆ ಮಾತ್ರವಲ್ಲ. ನಮ್ಮ ಬಸವಣ್ಣನ ಶತಮಾನದವನೇ ಆದ ಯೆಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ, ಈ ಎರಡು ವಚನಗಳನ್ನು ಬಾಬಿಲೋನಿನಲ್ಲಿದ್ದ ಭಕ್ತನೊಬ್ಬ ಸೇರಿಸಿದನೆಂಬ ಸ್ಪೇನಿನ ಪಂಡಿತನೊಬ್ಬನ ಮತವನ್ನು ದಾಖಲಿಸಿದ್ದಾನೆ. ಅದಕ್ಕೂ ಹಿಂದಿನ ತಾಲ್ಮುದಿನ ‘ಬಾವ ಬತ್ರ’ ಭಾಗ, ದಾವೀದನು ಕೀರ್ತನೆಗಳನ್ನು ಬರೆದದ್ದು ಹತ್ತು ಮಂದಿ ಹಿರಿಯರ ಮೂಲಕ ಎನ್ನುತ್ತದೆ. ಸಂಪ್ರದಾಯ ನಾವೆಣಿಸಿದಷ್ಟು ಬಿಗಿಯಾಗಿರಲಿಲ್ಲ.

ನನ್ನ ನಿರ್ಣಯ: 17ರವರೆಗೆ ಒಂದು ಕೈ, 18–19 ಇನ್ನೊಂದು. ಮೊದಲ ಕೈ ದಾವೀದನದೇ ಎನ್ನಲು ತಲೆಬರಹವೊಂದೇ ಆಧಾರವಾಗದು.